ದೇವಯ್ಯನವರು ಕಾರ್ಖಾನೆಯ ನೆತ್ತಿಗೆ ಸುಣ್ಣ ಬಳಿದದ್ದು

ಏಪ್ರಿಲ್ ಎರಡನೆಯ ವಾರ. ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಯಾಗಿತ್ತು. ಮೈಸೂರಿನ ಪಕ್ಕದ ಕಡಕೊಳದ ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದ ಧರಣಿ ಇದ್ದಕ್ಕಿದ್ದಂತೆ ಮಿಷನ್ನಿನ ಮೇಲೆ ತಲೆಯಿಟ್ಟಳು. ಪಕ್ಕದಲ್ಲಿ ಕೂತಿದ್ದ ಚಾಮುಂಡೇಶ್ವರಿ ಮೊದಲು ನಿದ್ದೆ ಎಂದುಕೊಂಡಳು. ಭುಜ ಮುಟ್ಟಿದರೆ ಧರಣಿ ವಾಲಿಕೊಂಡು, ಹೊಲಿದಿಟ್ಟ ಕಾಲರುಗಳ ರಾಶಿಯ ಮೇಲೆ ಬಿದ್ದಳು. ನಾಲ್ಕು ಜನ ಅವಳನ್ನು ಎತ್ತಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ಮಲಗಿಸಿದರು. ಮುಖಕ್ಕೆ ನೀರು ಚಿಮುಕಿಸಿ ಗಾಳಿ ಬೀಸಿದರು. ಹತ್ತು ನಿಮಿಷಕ್ಕೆ ಎದ್ದು ಕೂತು, ಯಾರೋ ಕೊಟ್ಟ ಮಜ್ಜಿಗೆ ಕುಡಿದವಳು ಮೊದಲು ಕೇಳಿದ ಮಾತು, "ಅಕ್ಕಾ, ಕಾಲರ್‌ಗೆಲ್ಲ ಕೊಳೆ ಆಗ್ಬುಡ್ತಾ?"

ಎಲ್ಲರೂ ನಕ್ಕರು. ಚಾಮುಂಡೇಶ್ವರಿಗೆ ಮಾತ್ರ ನಗುವಿನ ಜೊತೆಗೆ ಸಿಟ್ಟೂ ಬಂತು. ಕಾರ್ಖಾನೆಯ ಎರಡು ಶೆಡ್‌ಗಳಿಗೂ ಸಿಮೆಂಟ್ ಶೀಟಿನ ಚಾವಣಿ. ವರ್ಷಾನುಗಟ್ಟಲೆ ಧೂಳು ಕೂತು ಕಪ್ಪಾದ ಶೀಟುಗಳು ಬೆಳಗ್ಗೆ ಹತ್ತಕ್ಕೇ ಕಾಯುತ್ತಿದ್ದವು. ಫ್ಯಾನುಗಳು ಆ ಬಿಸಿಯನ್ನೇ ತಂದು ನೆತ್ತಿಯ ಮೇಲೆ ಸುರಿಯುತ್ತಿದ್ದವು. ಗೋಡೆಯ ಮೇಲಿನ ಥರ್ಮಾಮೀಟರ್ ಆ ದಿನ ಮೂವತ್ತೊಂಬತ್ತು ತೋರಿಸುತ್ತಿತ್ತು. ಮೈಸೂರು ತಂಪು ಊರು ಎಂದು ಹೆಮ್ಮೆ ಪಡುತ್ತಿದ್ದವರು ಈಗ ಎರಡು ಮೂರು ಬೇಸಿಗೆಯಿಂದ ಆ ಮಾತನ್ನೇ ಎತ್ತುತ್ತಿರಲಿಲ್ಲ.

ಚಾಮುಂಡೇಶ್ವರಿ ನೇರವಾಗಿ ಮ್ಯಾನೇಜರ್ ವಿಜಯ್‌ಕುಮಾರ್ ಅವರ ಕೋಣೆಗೆ ಹೋದಳು. ಅವರು ಕೆಟ್ಟ ಮನುಷ್ಯರಲ್ಲ. ಅವರ ಅಂಗಿಯೂ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು.

"ಹೆಡ್ ಆಫೀಸಿಗೆ ಬರ್ದಿದೀನಮ್ಮ. ಕೂಲರ್ ಬರುತ್ತೆ, ಮುಂದಿನ ವರ್ಷ."

"ಈ ವರ್ಷ ನಾವು ಬೀಳ್ತಾ ಇರೋದಾ ಸಾರ್? ಶೀಟಿನ ಮೇಲೆ ಸುಣ್ಣ ಹೊಡ್ಸಿ. ಬಿಸ್ಲು ಬೆಳ್ಳಗಿರೋದ್ರ ಮೇಲೆ ಕೂರಲ್ಲ. ನಮ್ಮ ಮಾವ ಸುಣ್ಣ ಬಳಿಯೋರು, ಕರ್ಕೊಂಡು ಬರ್ತೀನಿ."

ಮಾವನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟೆನಲ್ಲ ಎಂದು ಅವಳಿಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ.

ಮಾವ ದೇವಯ್ಯನವರಿಗೆ ಅರವತ್ತಾರು. ಕುಂಬಾರಕೊಪ್ಪಲಿನಲ್ಲಿ ಅವರು ಸುಣ್ಣ ಬಳಿಯದ ಹಳೆಯ ಮನೆಯಿರಲಿಲ್ಲ. ಒಂದು ಕಾಲಕ್ಕೆ ದಸರಾಕ್ಕೆ ಎರಡು ತಿಂಗಳಿರುವಾಗಲೇ ಕೃಷ್ಣಮೂರ್ತಿಪುರಂನಿಂದ ಜನ ಬಂದು ಅವರ ದಿನ ಹಿಡಿದಿಟ್ಟುಕೊಳ್ಳುತ್ತಿದ್ದರು. ಆಮೇಲೆ ಡಬ್ಬಿಯ ಪೇಂಟು ಬಂತು. ಒಬ್ಬೊಬ್ಬರೇ ಕರೆಯುವುದನ್ನು ಬಿಟ್ಟರು. ಹನ್ನೆರಡು ವರ್ಷದಿಂದ ದೇವಯ್ಯ ಕುಂಚ ಹಿಡಿದಿರಲಿಲ್ಲ. ಬೆಳಗ್ಗೆ ಟೀ ಅಂಗಡಿಯಲ್ಲಿ ಕೂತು ಪೇಪರನ್ನು ಕೊನೆಯ ಪುಟದವರೆಗೂ ಓದಿ ಮನೆಗೆ ಬರುವುದೇ ಅವರ ಕೆಲಸವಾಗಿತ್ತು.

ಸೊಸೆ ವಿಷಯ ಹೇಳಿದಾಗ ಅವರು ತಟ್ಟೆಯಿಂದ ಕೈ ಎತ್ತಿದರು.

"ಕಾರ್ಖಾನೆಗೆ? ನನ್ನನ್ನ?"

"ಹೂಂ ಮಾವ. ಶೀಟಿನ ಮೇಲೆ ಸುಣ್ಣ ನಿಲ್ತದಾ?"

"ನಿಲ್ಸೋರು ನಿಲ್ಸಿದ್ರೆ ನಿಲ್ತದೆ ಕಣಮ್ಮ."

ಹೆಂಡತಿ ತಿಮ್ಮಮ್ಮ ಅಡುಗೆಮನೆಯಿಂದಲೇ ಕೂಗಿದರು. "ಈ ವಯಸ್ನಲ್ಲಿ ಶೀಟು ಹತ್ತುತಾರಂತೆ! ಮೊನ್ನೆ ಸ್ಟೂಲ್ ಹತ್ತಿ ಬಲ್ಬ್ ಹಾಕಕ್ಕೆ ಆಗ್ನಿಲ್ಲ ಇವ್ರಿಗೆ!"

"ಬಲ್ಬು ಬೇರೆ, ಸುಣ್ಣ ಬೇರೆ," ಎಂದರು ದೇವಯ್ಯ.

ವಿಜಯ್‌ಕುಮಾರ್ ಮರುದಿನ ಸೊಸೆಯ ಜೊತೆ ಬಂದ ದೇವಯ್ಯನವರಿಗೆ ಒಂದು ಷರತ್ತು ಹಾಕಿದರು. ಬಟ್ಟೆ ಕೊಳ್ಳುವ ಕಂಪನಿಯವರು ಮಂಗಳವಾರ ಕಾರ್ಖಾನೆ ನೋಡಲು ಬರುತ್ತಿದ್ದರು. ಅಷ್ಟರೊಳಗೆ ಒಂದು ಶೆಡ್ಡಾದರೂ ಬೆಳ್ಳಗಾಗಬೇಕು. ಭಾನುವಾರ ಒಂದೇ ದಿನ ಸಿಗುವುದು. ಸುಣ್ಣದ ಕಲ್ಲನ್ನು ನೀರಿನಲ್ಲಿ ಕುದಿಸಿ ಹತ್ತು ದಿನವಾದರೂ ನೆನೆಯಲು ಬಿಡಬೇಕು, ಬಿಸಿಲೇರುವ ಮುನ್ನ ಬಳಿಯಬೇಕು, ಒಂದು ಕೈ ಒಣಗಿದ ಮೇಲೆ ನೀರು ಚಿಮುಕಿಸಿ ಇನ್ನೊಂದು ಕೈ ಕೊಡಬೇಕು ಎನ್ನುವುದೆಲ್ಲ ದೇವಯ್ಯನವರ ಬಾಯಿಯ ತುದಿಗೆ ಬಂದಿತ್ತು. ಆದರೆ ಇಷ್ಟು ವರ್ಷದ ಮೇಲೆ ಒಬ್ಬರು ಕರೆದಿದ್ದಾರೆ. "ಆಗ್ಲಿ ಸಾರ್, ಮಾಡ್ಬುಡಣ" ಎಂದುಬಿಟ್ಟರು.

ಭಾನುವಾರ ಅಂಗಡಿಯ ಸುಣ್ಣದ ಪುಡಿಯನ್ನೇ ಕಲಸಿ, ಶೀಟಿನ ಮೇಲೆ ಉದ್ದುದ್ದ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇಬ್ಬರು ಆಳುಗಳ ಜೊತೆ ನೆತ್ತಿ ಸುಡುವ ಬಿಸಿಲಿನಲ್ಲಿ ಬಳಿದರು. ಸಂಜೆಗೆ ಚಾಮುಂಡೇಶ್ವರಿ, ಧರಣಿ ಕೂರುವ ಎರಡನೇ ಶೆಡ್ ಮೆಲ್ಲಹಳ್ಳಿ ರಸ್ತೆಯವರೆಗೂ ಹೊಳೆಯುವಷ್ಟು ಬೆಳ್ಳಗಾಯಿತು. ವಿಜಯ್‌ಕುಮಾರ್ ಫೋಟೋ ತೆಗೆದು ಹೆಡ್ ಆಫೀಸಿಗೆ ಕಳಿಸಿದರು.

ಸೋಮವಾರ ಸಂಜೆ ಮಳೆ ಬಂತು. ಗಾಳಿ, ಗುಡುಗು, ಆಮೇಲೆ ಅರ್ಧ ಗಂಟೆ ಬಿಟ್ಟೂ ಬಿಡದ ಮಳೆ. ಶೀಟಿನಿಂದ ಹಾಲಿನಂಥ ನೀರು ಧಾರೆಧಾರೆಯಾಗಿ ಇಳಿಯಿತು. ಗೋಡೆಯ ಮೇಲೆ, ಕಿಟಕಿಯ ಮೇಲೆ, ಕೆಳಗೆ ನಿಲ್ಲಿಸಿದ್ದ ವಿಜಯ್‌ಕುಮಾರ್ ಅವರ ಕಪ್ಪು ಕಾರಿನ ಮೇಲೆ. ಮಳೆ ನಿಂತಾಗ ಕಾರಿನ ಮೈತುಂಬ ಪಟ್ಟೆಗಳಿದ್ದವು. ಹೆಂಗಸರು ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಚಾಮುಂಡೇಶ್ವರಿ ಮಾತ್ರ ತಲೆ ತಗ್ಗಿಸಿ ಬಸ್ಸು ಹತ್ತಿದಳು.

ಮರುದಿನ ದೇವಯ್ಯ ಟೀ ಅಂಗಡಿಗೂ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದವರ ಹತ್ತಿರ ಸೊಸೆ ಬಂದು ಕೂತಳು.

"ಮಾವ, ನಿಲ್ತದೆ ಅಂದಿದ್ರಿ."

"ನಿಲ್ತದೆ. ನಾನೇ ನಿಲ್ಲಿಸ್ನಿಲ್ಲ," ಎಂದರು ಅವರು, ತಿರುಗದೆಯೇ. "ಒಂದು ದಿನಕ್ಕೆ ಆಗಲ್ಲ ಅಂತ ನಂಗೆ ಗೊತ್ತಿತ್ತು ಕಣಮ್ಮ. ಹೇಳಿದ್ರೆ ಬೇಡ ಅಂದ್ಬುಡ್ತಾರೇನೋ ಅಂತ ಹೇಳ್ನಿಲ್ಲ."

ತಿಮ್ಮಮ್ಮ ಒಳಗಿನಿಂದ ಬಂದು, ಒಗೆದ ಅಂಗಿಯೊಂದನ್ನು ಗಂಡನ ಮುಂದೆ ಇಟ್ಟರು. "ಇದನ್ನೇ ಹೋಗಿ ಅವ್ರಿಗೆ ಹೇಳಿ. ಗೋಡೆಗ್ಯಾಕೆ ಹೇಳ್ತಾ ಇದೀರಿ? ನಡೀರಿ, ನಾನೂ ಬರ್ತೀನಿ."

ಮೂವರೂ ಕಡಕೊಳಕ್ಕೆ ಹೋದರು. ವಿಜಯ್‌ಕುಮಾರ್ ಕುರ್ಚಿ ತೋರಿಸಿದರೂ ದೇವಯ್ಯ ಕೂರಲಿಲ್ಲ.

"ತಪ್ಪು ನಂದೇ ಸಾರ್. ಸುಣ್ಣದ್ದಲ್ಲ. ಕಲ್ಲು ಸುಣ್ಣ ತರಿಸಿ. ಹತ್ತು ದಿವಸ ಡ್ರಮ್ಮಲ್ಲಿ ನೆನೀಬೇಕು. ಅಂಟು ಕಾಯಿಸಿ ಹಾಕ್ಬೇಕು. ಬೆಳಗ್ಗೆ ಆರಕ್ಕೆ ಹತ್ತಿ ಒಂಬತ್ತಕ್ಕೆ ಇಳೀತೀನಿ, ಅಷ್ಟೇ. ಮೂರು ಕೈ. ಇದಕ್ಕೆ ಕಮ್ಮಿ ಆದ್ರೆ ನಾನು ಮಾಡಲ್ಲ."

ವಿಜಯ್‌ಕುಮಾರ್ ಕಿಟಕಿಯಾಚೆ ತಮ್ಮ ಕಾರನ್ನೊಮ್ಮೆ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು. "ಕೊಳ್ಳೋರು ಬಂದು ಕಾರ್ ನೋಡಿ ಏನು ಅಂದ್ರು ಗೊತ್ತಾ? ಇದು ಹೊಸ ಡಿಸೈನಾ ಅಂದ್ರು. ಆಯ್ತು ಯಜಮಾನ್ರೇ, ನಾನೂ ಅವಸರ ಮಾಡ್ದೆ. ನಿಮ್ಮ ಲೆಕ್ಕದಲ್ಲೇ ಮಾಡಿ. ಕಾರು ಮಾತ್ರ ಆ ಕಡೆ ನಿಲ್ಲಿಸ್ತೀನಿ."

ಕಾರ್ಖಾನೆಯ ಹಿಂದೆ ಮೂರು ಡ್ರಮ್ಮುಗಳಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯಿತು. ದೇವಯ್ಯ ದಿನವೂ ಬಂದು ಕೋಲಿನಿಂದ ತಿರುವಿ, ಬೆರಳಿನಲ್ಲಿ ಉಜ್ಜಿ ನೋಡಿ, "ಇನ್ನೂ ಇಲ್ಲ" ಎನ್ನುತ್ತಿದ್ದರು. ಹನ್ನೊಂದನೆಯ ದಿನ ಉಜ್ಜಿ ನೋಡಿದವರೇ ಕುಂಚ ಎತ್ತಿಕೊಂಡರು. ಬೆಣ್ಣೆಯಂತಾಗಿದ್ದ ಸುಣ್ಣವನ್ನು ತಿಮ್ಮಮ್ಮ ಹಳೆಯ ಪಂಚೆಯಲ್ಲಿ ಸೋಸಿಕೊಟ್ಟರು. ಗಂಡ ಹಲಗೆಯ ಮೇಲೆ ಒಂದು ಹೆಜ್ಜೆ ಆಚೀಚೆ ಇಟ್ಟರೂ ಕೆಳಗಿನಿಂದಲೇ ಗದರುತ್ತಿದ್ದರು. ಒಣಗಿದ ಶೀಟಿಗೆ ನೀರು ಹೊಡೆಯುವ ಕೆಲಸವನ್ನು ಧರಣಿ ತಾನೇ ಕೇಳಿ ವಹಿಸಿಕೊಂಡಳು. ಏಣಿಯ ಮೇಲೆ ನಿಂತು, ಪೈಪು ಹಿಡಿದು, ಕೆಳಗಿದ್ದವರಿಗೂ ಒಂದಿಷ್ಟು ಚಿಮುಕಿಸುತ್ತಿದ್ದಳು. ಬೆಳಗಿನ ಪಾಳಿಯವರಿಗೆ ಅದು ಇಷ್ಟವೇ ಆಯಿತು.

ಮೂರನೆಯ ಕೈ ಮುಗಿದು ಐದನೆಯ ದಿನ ಮತ್ತೆ ಮೋಡ ಕವಿಯಿತು. ಮೊದಲ ಹನಿ ಶೀಟಿಗೆ ಬಿದ್ದ ಸದ್ದಿಗೇ ಮಿಷನ್ನುಗಳು ಒಂದೊಂದಾಗಿ ನಿಂತವು. ಹೆಂಗಸರೆಲ್ಲ ಬಾಗಿಲಿಗೆ ಬಂದರು. ಡ್ರಮ್ಮು ತೊಳೆಯಲೆಂದು ಬಂದಿದ್ದ ದೇವಯ್ಯ ಸೂರಿನ ಕೆಳಗೆ ನಿಂತು ಅಂಗೈ ಚಾಚಿದರು. ಬಿದ್ದ ನೀರಿನಲ್ಲಿ ಕೈಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಆ ಕೈಯನ್ನು ಹಾಗೇ ಹಿಡಿದುಕೊಂಡು ಸೊಸೆಯ ಹತ್ತಿರ ಬಂದು ತೋರಿಸಿದರು. ಅವಳು "ಮಾವಾ!" ಎಂದು ಕೂಗಿದ ಕೂಗಿಗೆ ವಿಜಯ್‌ಕುಮಾರ್ ಏನೋ ಆಯಿತೆಂದು ಓಡಿ ಬಂದರು.

ಮೇ ತಿಂಗಳ ಬಿಸಿಲು ಏರಿದ ಮೇಲೆ ನಿಜವಾದ ತಮಾಷೆ ಶುರುವಾಯಿತು. ಮಧ್ಯಾಹ್ನ ಎರಡಕ್ಕೆ ಒಂದನೇ ಶೆಡ್ಡಿನಲ್ಲಿ ನಲವತ್ತು ಇದ್ದರೆ ಬೆಳ್ಳನೆಯ ಎರಡನೇ ಶೆಡ್ಡಿನಲ್ಲಿ ಮೂವತ್ತೈದು. ಧರಣಿ ಎರಡನ್ನೂ ದಿನವೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಒಂದನೇ ಶೆಡ್ಡಿನವರು ಮೊದಲು ನೀರು ಕುಡಿಯುವ ನೆಪದಲ್ಲಿ ಬಂದರು, ಆಮೇಲೆ ಬಟನ್ ಕೇಳುವ ನೆಪದಲ್ಲಿ. ಕೊನೆಗೆ ನೆಪವನ್ನೂ ಬಿಟ್ಟು ಊಟದ ಡಬ್ಬಿಗಳನ್ನೇ ತಂದು ಇಲ್ಲಿ ಕೂತರು. ಒಂದು ಮಧ್ಯಾಹ್ನ ವಿಜಯ್‌ಕುಮಾರ್ ಒಂದನೇ ಶೆಡ್ಡಿಗೆ ಹೋದರೆ ಒಬ್ಬರೂ ಇಲ್ಲ. ಹುಡುಕಿಕೊಂಡು ಬಂದು ನೋಡಿದರೆ ಇಲ್ಲಿ ಕಾಲಿಡಲು ಜಾಗವಿಲ್ಲ. ಇನ್ನೂರು ಜನ ಒತ್ತೊತ್ತಾಗಿ ಕೂತು ಅನ್ನ ಸಾರು ಉಣ್ಣುತ್ತಿದ್ದಾರೆ.

"ಸಾರ್, ನಿಮ್ಗೂ ಜಾಗ ಮಾಡ್ತೀವಿ ಬನ್ನಿ," ಎಂದಳು ಧರಣಿ.

ಅವರು ಅಲ್ಲೇ ನಿಂತು ಚಾಮುಂಡೇಶ್ವರಿಗೆ ಹೇಳಿದರು, "ನಾಳೆ ನಿಮ್ಮ ಮಾವನ್ನ ಕರ್ಕೊಂಡು ಬನ್ನಿ. ಆ ಶೆಡ್ಡಿಗೂ ಶುರು ಮಾಡ್ಲಿ."

ಮರುದಿನ ಬಂದ ದೇವಯ್ಯನವರನ್ನು ಕೆಲಸಕ್ಕೆ ಹಚ್ಚುವ ಮೊದಲು ಹೆಂಗಸರು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಎಂಟು ವರ್ಷದಿಂದ ಸೊಸೆ ಕೆಲಸ ಮಾಡುವ ಜಾಗವನ್ನು ಅವರು ಒಳಗಿನಿಂದ ನೋಡಿದ್ದು ಅದೇ ಮೊದಲು. ಅವಳ ಸ್ಟೂಲಿನ ಮೇಲೆ ಕೂರಿಸಿದರು. ಅವರು ತಲೆಯೆತ್ತಿ ಶೀಟನ್ನು ನೋಡಿದರು, ಅಕ್ಕಪಕ್ಕ ನೋಡಿದರು.

"ಎಂಗದೆ ಮಾವ?"

"ಪರ್ವಾಗಿಲ್ಲ ಕಣಮ್ಮ. ಕೂರಬೌದು," ಎಂದರು ದೇವಯ್ಯ.

ಎದ್ದು ಹೊರಗೆ ಬಂದಾಗ ಹಿಂದಿನ ಡ್ರಮ್ಮುಗಳ ಹತ್ತಿರ, ತಿಮ್ಮಮ್ಮನ ಪಕ್ಕದಲ್ಲಿ ಒಬ್ಬರು ಕಾಯುತ್ತಿದ್ದರು. ಪಕ್ಕದ ಊದುಬತ್ತಿ ಕಾರ್ಖಾನೆಯ ರವಿಚಂದ್ರ. ಅವರ ಚಾವಣಿಯೂ ಇಂಥದ್ದೇ, ಶನಿವಾರದೊಳಗೆ ಆಗುತ್ತದೆಯೇ ಎಂದು ಕೇಳಿದರು.

"ಶನಿವಾರಕ್ಕೆ ಆಗಲ್ಲ," ಎಂದರು ದೇವಯ್ಯ, ಒಂದು ಕ್ಷಣವೂ ಯೋಚಿಸದೆ. "ಹತ್ತು ದಿನ ಸುಣ್ಣ ನೆನೀಬೇಕು. ನಿಮ್ಮ ಕಡೆಯಿಂದ ಕಲಿಯೋ ಮನಸ್ಸಿರೋರು ನಾಕು ಜನ ಬೇಕು. ಹೆಂಗಸ್ರಾದ್ರೆ ಒಳ್ಳೇದು, ಹೇಳಿದ್ದು ಕೇಳ್ತಾರೆ."

"ಅದ್ಯಾವ ಹೆಂಗಸು ನಿಮ್ಮ ಮಾತು ಕೇಳಿದ್ದು?" ಎಂದರು ತಿಮ್ಮಮ್ಮ, ಡ್ರಮ್ಮಿಗೆ ನೀರು ಸುರಿಯುತ್ತ.