ಹರಕೆಯ ಕೂದಲು

ಮಾಸ್ತಿಕಟ್ಟೆಯ ಕೆರಿಯಮ್ಮನಿಗೆ ಮೊಮ್ಮಗ ಗಣೇಶಮೂರ್ತಿಯ ತಲೆಗೂದಲೆಂದರೆ ಜೀವ. ಹುಟ್ಟಿದಾಗಿನಿಂದ ಕತ್ತರಿ ಸೋಕದ ಕೂದಲು. ಮೂರು ವರ್ಷ ತುಂಬಿದ ದಿನ ಊರ ಚೌಡಮ್ಮನಿಗೆ ಮುಡಿ ಕೊಡುತ್ತೇನೆಂದು ಅವಳೇ ಹರಕೆ ಹೊತ್ತಿದ್ದಳು. ಇನ್ನೇನು, ಎಂಟು ತಿಂಗಳು ಬಾಕಿ.

ಅಷ್ಟರಲ್ಲಿ, ಈ ಎಂಬತ್ತೊಂಬತ್ತನೇ ಇಸವಿಯ ಸಂಕ್ರಾಂತಿ ಹೊತ್ತಿಗೆ, ಮಗುವಿಗೆ ಜ್ವರ ಬಂತು. ಹೋಯಿತು, ಮತ್ತೆ ಬಂತು. ಮೈ ಬಿಳುಚಿತು. ಬೀಳದೆ, ಪೆಟ್ಟಾಗದೆ ಕಾಲ ಮೇಲೆ ನೀಲಿ ಕಲೆಗಳೆದ್ದವು. ಬಾಲಗ್ರಹವೆಂದು ತಾಯತ ಕಟ್ಟಿಸಿದ್ದೂ ಆಯಿತು. ಕೊನೆಗೆ ದಾದಿ ಪುಷ್ಪಮ್ಮ ಬೆನ್ನು ಬಿಡದೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಒಂದು ಸುತ್ತು ಔಷಧಿ ಕೊಟ್ಟರು. ಊರಿಗೆ ಬಂದ ಮಗು ಅನ್ನ ಉಂಡಿತು, ಕೋಳಿ ಅಟ್ಟಿಸಿಕೊಂಡು ಓಡಿತು. ಮನೆಮಂದಿಗೆಲ್ಲ ಹೋದ ಜೀವ ಬಂದಂತಾಯಿತು.

ಒಂದು ಬೆಳಿಗ್ಗೆ ತಲೆ ನೇವರಿಸಿದರೆ ಕೆರಿಯಮ್ಮನ ಕೈಗೆ ಹಿಡಿ ಕೂದಲು ಬಂತು. 

"ಇನ್ನು ಆ ಔಷಧಿ ಬ್ಯಾಡ," ಎಂದು ಮಗ ಮಂಜುನಾಥಪ್ಪನಿಗೆ ಹೇಳಿದಳು. "ಮಗು ಹುಷಾರಾಗಿದ್ಯಲ್ಲ. ದೇವ್ರಿಗೆ ಮೀಸಲಿಟ್ಟ ಕೂದ್ಲು ಆಸ್ಪತ್ರೆ ನೆಲಕ್ಕೆ ಬೀಳಾದಾ?"

ಅವ್ವನಿಗೆ ಎದುರಾಡಿ ಅಭ್ಯಾಸವಿಲ್ಲದ ಮಗ ತಲೆಯಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಪುಷ್ಪಮ್ಮ ಅಂಗಳದಲ್ಲಿದ್ದರು. ಕರೆತಂದವಳು ಸೊಸೆ ಶರಾವತಿ ಎಂದು ಬೇರೆ ಹೇಳಬೇಕೇ!

"ಕೆರಿಯಮ್ಮೋರೆ, ಈಗ ಬಿಟ್ರೆ ಕಾಯಿಲೆ ತಿರುಗಿ ಬರ್ತದೆ. ಎರಡು-ಎರಡೂವರೆ ವರ್ಷ ತಪ್ಪದೆ ಕೊಡ್ಬೇಕು. ಕೂದ್ಲು ಉದುರಿದ್ದು ಔಷಧಿಯಿಂದ, ಮತ್ತೆ ಬೆಳೀತದೆ."

"ಫಾರಿನ್ನಲ್ಲಿ ಹೊಕ್ಕುಳಬಳ್ಳಿ ರಕ್ತ ಕೊಟ್ಟು ರಕ್ತದ ಕಾಯಿಲೆ ವಾಸಿ ಮಾಡ್ತಾರಂತಲ್ಲ? ಡಾಕ್ಟ್ರೇ ಹೇಳಿದ್ರಂತೆ. ಶರಾವತಿಗೆ ಈಗ ಐದು ತಿಂಗ್ಳು. ಆ ಕೂಸು ಹುಟ್ಲಿ, ಅದ್ರ ಬಳ್ಳೀದೇ ಕೊಟ್ರಾಯ್ತು. ಕೂದ್ಲೂ ಉಳೀತದೆ."

"ಅದು ಈಗಷ್ಟೇ ಶುರುವಾದದ್ದು ಮಾರಾಯ್ರೆ. ಅದೂ ಬೇರೆ ಕಾಯಿಲೆಗೆ. ನಮ್ಮಲ್ಲಿಗಿನ್ನೂ ಬಂದಿಲ್ಲ. ಕಾಯ್ತಾ ಕೂತ್ರೆ ಮಗು ಕಾಯ್ತದಾ?"

ಕೆರಿಯಮ್ಮ ಉದುರಿದ ಕೂದಲನ್ನು ಸೆರಗಿನಲ್ಲಿ ಒಟ್ಟು ಮಾಡತೊಡಗಿದಳು. ಪುಷ್ಪಮ್ಮ ಅವಳ ಪಕ್ಕ ಕೂತರು.

"ಹರಕೆ ಹೊತ್ತಾಗ ಚೌಡಮ್ಮನ ಹತ್ರ ಏನಂತ ಕೇಳ್ಕೊಂಡ್ರಿ?"

"ಮೊಮ್ಮಗು ಬಾಳಲಿ, ಮುಡಿ ಕೊಡ್ತೀನಿ ಅಂತ."

"ಮೊದ್ಲು ಕೇಳಿದ್ದೇನು?"

ಕೆರಿಯಮ್ಮ ಮಗುವಿನ ಕಡೆ ನೋಡಿದಳು. "ಬಾಳಲಿ ಅಂತ," ಎಂದಳು.

ಎದ್ದು ಒಳಗೆ ಹೋಗಿ ಒಂದು ಹಳದಿ ಬಟ್ಟೆ ತಂದಳು. ಉದುರಿದ ಕೂದಲನ್ನು ಅದರಲ್ಲಿಟ್ಟು ಗಂಟು ಹಾಕಿದಳು.

"ಬೆಂಗ್ಳೂರಿಗೆ ನಾನೂ ಬರ್ತೀನಿ," ಎಂದು ಮಗನತ್ತ ತಿರುಗಿದಳು. "ನಿಂಗೆ ಬಿಟ್ರೆ ಅರ್ಧ ಕೂದ್ಲು ಅಲ್ಲೇ ಬಿಟ್ ಬರ್ತೀಯ."

ಆಸ್ಪತ್ರೆಯ ದಿಂಬಿನಿಂದ ಅವಳು ಎಳೆ ಎಳೆಯಾಗಿ ಹೆಕ್ಕಿದಳು. ಮಗುವಿನ ತಲೆ ಬೋಳಾಯಿತು, ಹಳದಿ ಗಂಟು ಉಬ್ಬಿತು. ಮೂರು ತುಂಬಿದ ದಿನ ಆ ಗಂಟನ್ನು ಚೌಡಮ್ಮನ ಮುಂದಿಟ್ಟು ಕೈಮುಗಿದಳು. ಸೊಂಟದ ಮೇಲಿದ್ದ ಗಣೇಶನ ತಲೆಯಲ್ಲಿ ಆಗಲೇ ಹೊಸ ಕೂದಲು ಚಿಗುರಿತ್ತು. ಮನೆಯಲ್ಲಿ ತಂಗಿ ಹುಟ್ಟಿದ್ದಳು. ಔಷಧಿ ಇನ್ನೂ ನಡೆದಿದೆ, ಒಂದು ಸಲವೂ ತಪ್ಪಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವಿಗೆ ಜ್ವರ ಮತ್ತೆ ಮತ್ತೆ ಬಂದರೆ, ಮೈ ಬಿಳುಚಿದರೆ, ಪೆಟ್ಟಿಲ್ಲದೆ ನೀಲಿ ಕಲೆ ಕಂಡರೆ, ಇಂದೇ ಡಾಕ್ಟರಿಗೆ ತೋರಿಸಿ. ಶುರು ಮಾಡಿದ ಔಷಧಿಯನ್ನು ನಡುವೆ ಬಿಡಬೇಡಿ. ದೇವರ ಹತ್ತಿರ ನೀವು ಮೊದಲು ಕೇಳಿಕೊಂಡದ್ದು ಮಗುವನ್ನು. ಅದೊಂದನ್ನು ಮರೆಯಬೇಡಿ.