ಆಗಸ್ಟ್‌ವರೆಗಿನ ರಜೆ

ಗಂಡ ಕಯೊಂಗೊನ ಮಣ್ಣಿಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಭಾನುವಾರ ಸಂಜೆಯ ಬಸ್ಸಿಗೆ ಹೊರಟುಹೋದರು. ಸೋಮವಾರ ನಬುಕೀರ ಎದ್ದಾಗ ಬೆಳಗು ಎಂದಿನಂತೆಯೇ ಇತ್ತು. ನತೇತೆ ಪೇಟೆಯ ರಸ್ತೆಯಲ್ಲಿ ವ್ಯಾನಿನವರು ಜನರನ್ನು ಕೂಗಿ ಕರೆಯುತ್ತಿದ್ದರು. ಎಲ್ಲೋ ಯಾರೋ ಅಂಗಳ ಗುಡಿಸುತ್ತಿದ್ದರು. ಅವಳಿಗೆ ಹಸಿವಾಗಿತ್ತು. ಹಸಿವಾದದ್ದೇ ಅವಳಿಗೆ ಆಶ್ಚರ್ಯ.

ಅಡುಗೆ ಮೂಲೆಗೆ ಹೋದಳು. ಒರಳಿನೊಳಗೆ ಕಯೊಂಗೊನ ಕೊಡತಿ ತಲೆಕೆಳಗಾಗಿ ನಿಂತಿತ್ತು. ಎತ್ತಿ ನೋಡಿದರೆ ಅದರ ಸಣ್ಣ ಗೀರುಗಳ ತುಂಬ ಕಡಲೆಬೀಜದ ಹಿಟ್ಟು ಒಣಗಿ ಕೂತಿತ್ತು. ಹಿಡಿ ಮಾತ್ರ ಅವನ ಅಂಗೈ ತಾಗಿ ನುಣುಪಾದದ್ದು ಹಾಗೇ ಇತ್ತು.

"ಅಯ್ಯೋ, ಅದನ್ನ ಒಲೆಗೆ ಹಾಕ್ಬಿಟ್ಟೀಯೆ!" ಎನ್ನುತ್ತ ಪಕ್ಕದ ಮನೆಯ ನಾಲೊಂಗೊ ತನ್ನ ಪಾತ್ರೆಗಳನ್ನು ಒಯ್ಯಲು ಬಂದಳು. ನಾಲೊಂಗೊ ಎಂದರೆ ಅವಳಿಮಕ್ಕಳ ತಾಯಿ. ಅವಳಿ ಹೆತ್ತ ಮೇಲೆ ಅವಳ ಸ್ವಂತ ಹೆಸರನ್ನು ಓಣಿ ಮರೆತೇಬಿಟ್ಟಿತ್ತು. "ಆ ರಾತ್ರಿ ನಮ್ಮನೆ ಒನಕೆ ಮುರೀತು ನೋಡು. ಇದು ಮೂಲೇಲಿತ್ತು. ಬೀಜ ಬೆಣ್ಣೆ ಥರ ಆಯ್ತು ಕಣೆ. ಬಂದೋರೆಲ್ಲ ಸಾರು ಹೊಗಳಿದ್ದೇ ಹೊಗಳಿದ್ದು."

"ಇದು ತೊಗಟೆಬಟ್ಟೆ ಬಡಿಯೋದು ನಾಲೊಂಗೊ. ಕಲಾಶಾಲೇದು."

"ಗೊತ್ತಿಲ್ದೆ ಏನು? ನಮ್ಮಜ್ಜನೂ ಬಡೀತಿದ್ದ. ಅವನಿದ್ದಿದ್ರೆ ಇದೇ ಕೊಡತೀಲಿ ನನ್ನ ಬೆನ್ನಿಗೆ ಬಾರಿಸ್ತಿದ್ದ. ಹಸಿದ ಜನ ಕಾಯ್ತಾರಾ ಹೇಳು?" ನಾಲೊಂಗೊ ನಗಲು ಹೋಗಿ ತಡೆದುಕೊಂಡಳು. ಪಾತ್ರೆ ಕೆಳಗಿಟ್ಟು ದನಿ ತಗ್ಗಿಸಿದಳು. "ಇವತ್ತು ಆ ಶಾಲೆ ಕಡೆ ಹೋಗ್ಬಾ, ನಮ್ವಾಂಡು. ಬಿಟ್ಟೋರಿಗೆ ಫೀಜಲ್ಲಿ ಅರ್ಧ ವಾಪಸ್ ಕೊಡ್ತಾರಂತೆ. ಸಾವಿನ ಮನೆ ಅಂತ ಮನೆ ಮಾಲೀಕ ಬಾಡಿಗೆ ಕೇಳ್ದೆ ಬಾಯಿ ಮುಚ್ಕೊಂಡಿದ್ದ. ಇನ್ನು ಮುಚ್ಚಲ್ಲ ಅವನು."

ನಮ್ವಾಂಡು ಎಂದರೆ ವಿಧವೆ. ಓಣಿ ಅವಳ ಹೆಸರನ್ನೂ ಮರೆಯತೊಡಗಿತ್ತು.

ಕೊಡತಿಯನ್ನು ಚೀಲಕ್ಕೆ ಹಾಕಿಕೊಂಡು ನಬುಕೀರ ವ್ಯಾನು ಹತ್ತಿದಳು. ಕಿಟಕಿಯಾಚೆ ಕಯೊಂಗೊ ಬರೆದ ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿದವು: ಕೆಂಪು ಕತ್ತರಿಯ ಕ್ಷೌರದಂಗಡಿ, ನಗುವ ಹಲ್ಲಿನ ವೈದ್ಯ, ರೆಕ್ಕೆ ಮೂಡಿದ ಬಾಳೆಗೊನೆ. ಹದಿನಾರಕ್ಕೇ ಕುಂಚ ಹಿಡಿದವನು ಮೂವತ್ತು ದಾಟಿದ ಮೇಲೆ, ಮರದ ತೊಗಟೆಯನ್ನು ಬಡಿದು ಮಾಡುವ ಬಟ್ಟೆಯ ಮೇಲೆ ಚಿತ್ರ ಬರೆಯಬೇಕೆಂದು ಕಲಾಶಾಲೆ ಸೇರಿದ್ದ. ಫೀಜನ್ನು ಮೂರು ಕಂತಿನಲ್ಲಿ ಕಟ್ಟುವುದೆಂದು ಮಾತಾಗಿತ್ತು. ಅವಳಿಗೆ ಮೇಷ್ಟ್ರ ಕೆಲಸವಿದ್ದುದರಿಂದ ಜಾಮೀನಿಗೆ ಅವಳೇ ಸಹಿ ಹಾಕಿದ್ದಳು. ಎರಡು ಕಂತು ಕಟ್ಟಿಯಾಗಿತ್ತು. ಆಮೇಲೆ ಒಂದು ಶುಕ್ರವಾರ ಜ್ವರ ಬಂತು, ಸೋಮವಾರ ಅವನಿರಲಿಲ್ಲ. ರೇಡಿಯೊದ ಸಾವಿನ ಸುದ್ದಿಯಲ್ಲಿ ಅವನ ಕುಲ, ತಂದೆ, ಅಜ್ಜ, ಹಳ್ಳಿ ಎಲ್ಲವನ್ನೂ ಹೇಳಿದರು. ಕಲಾಶಾಲೆಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಶಾಲೆ ಗುಡ್ಡದ ಮೇಲಿತ್ತು. ಸರೋವರದ ಕಡೆಯಿಂದ ಬಂದ ಮಂಜು ಇನ್ನೂ ಕರಗಿರಲಿಲ್ಲ. ಮಂಜಿನೊಳಗಿಂದ ಕೊಡತಿಗಳ ಸದ್ದು ಬರುತ್ತಿತ್ತು. ನಡಿಗೆಯಂತೆಯೇ ಬಡಿತವೂ ಒಬ್ಬೊಬ್ಬರದು ಒಂದೊಂದು ಬಗೆ. ಕಯೊಂಗೊನದು ಎರಡು ಪೆಟ್ಟು, ಒಂದು ಉಸಿರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಓಣಿಯವರು "ನಿನ್ನ ಗಂಡನ ಕೊಡತಿ ಕುಂಟುತ್ತೆ" ಎಂದು ಅವಳನ್ನು ರೇಗಿಸುತ್ತಿದ್ದರು.

ಠಕ್ ಠಕ್. ಉಸಿರು. ಠಕ್ ಠಕ್.

ನಬುಕೀರ ಗಕ್ಕನೆ ನಿಂತಳು. ಮಂಜಿನಾಚೆ ಅವನೇ ಕೂತು ಬಡಿಯುತ್ತಿದ್ದ. ಆ ಕ್ಷಣ ಅದರಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ಮೊದಲು ಕಚೇರಿಯ ಕೆಲಸ ಮುಗಿಸಿ ಬರೋಣ, ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಮನೆಗೆ ಹೋಗಬಹುದು ಎಂದುಕೊಂಡಳು.

ಫೀಜಿನ ಕಿಟಕಿಯಲ್ಲಿ ಬಿರುಂಗಿ ಎಂಬ ದಪ್ಪ ಕನ್ನಡಕದ ಹೆಂಗಸು ಚಹಾಕ್ಕೆ ಮಂದಾಜಿ ಎಂಬ ಕರಿದ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು.

"ಹೇಳಿ ನ್ಯಾಬೊ," ಎಂದಳು, ಅಮ್ಮಾ ಎನ್ನುವ ಹಾಗೆ.

"ನನ್ನ ಗಂಡ ಕಯೊಂಗೊ ಇಲ್ಲಿ ಓದ್ತಿದ್ರು. ಬಿಡೋದಾದ್ರೆ ಏನು ಮಾಡ್ಬೇಕು?"

"ಅವರೇ ಬಂದು ಸಹಿ ಹಾಕ್ಬೇಕಲ್ಲ. ಎಲ್ಲಿ ಅವರು?"

"ಹಳ್ಳಿಗೆ ಹೋಗಿದ್ದಾರೆ."

ಅದು ಸುಳ್ಳಲ್ಲ. ಮಸಾಕಾದ ಆಚೆ, ಹಿರಿಯರ ಬಾಳೆತೋಟದ ಅಂಚಿನಲ್ಲಿ, ಹೊಸ ತೊಗಟೆಬಟ್ಟೆ ಸುತ್ತಿಕೊಂಡು ಅವನು ಮಲಗಿದ್ದ.

"ಆಹಾ, ಹಳ್ಳಿಗೆ!" ಬಿರುಂಗಿ ಬೆರಳು ಒರೆಸಿಕೊಂಡಳು. "ಗಂಡಸರಿಗೆ ಓದು ಕಷ್ಟ ಆಯ್ತು ಅಂದ್ರೆ ಹಳ್ಳೀಲಿ ಏನೋ ಕೆಲಸ ನೆನಪಾಗುತ್ತೆ. ಜಾಮೀನು ನಿಮ್ದೇ ಇದೆ, ನೀವೂ ಸಹಿ ಹಾಕ್ಬಹುದು. ಕೇಳಿಸ್ಕೊಳ್ಳಿ. ಈ ಶುಕ್ರವಾರದೊಳಗೆ ಬಿಟ್ರೆ ಕಟ್ಟಿದ್ರಲ್ಲಿ ಅರ್ಧ ವಾಪಸ್. ಶುಕ್ರವಾರ ದಾಟ್ತೋ, ಒಂದು ಶಿಲಿಂಗೂ ಇಲ್ಲ. ಮೇಲೆ ಮೂರನೇ ಕಂತು ನಿಮ್ಮ ತಲೆಗೆ. ಆದ್ರೆ ಬಿಡೋದ್ಯಾಕೆ? ಒಳ್ಳೇ ಕೈ ಅಂತಾರೆ ಅವರದ್ದು. ಒಂದು ವರ್ಷ ರಜೆ ಹಾಕಿ. ದುಡ್ಡು ಇಲ್ಲೇ ಇರುತ್ತೆ, ಹೆಸರೂ ಇರುತ್ತೆ. ಮುಂದಿನ ಆಗಸ್ಟ್‌ಗೆ ಬಂದು ಕೂತ್ಕೋತಾರೆ."

"ಆಗಸ್ಟ್‌ಗೆ."

"ಹ್ಞೂಂ, ಆಗಸ್ಟ್‌ಗೆ. ಬರ್ತಾರೆ ತಾನೆ?"

ಆಗಸ್ಟ್ ಎಂಬುದು ಆ ಮಂಜಿನಾಚೆಯ ಒಂದು ಕೋಣೆಯಂತೆ ಅವಳಿಗೆ ಕಂಡಿತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೋ ಚಪ್ಪಲಿ ಬಿಡುತ್ತಿದ್ದ ಸದ್ದು. ಮನೆ ಮಾಲೀಕ, ಬಾಡಿಗೆ, ವಾಪಸ್ ಬರುವ ಅರ್ಧ ಹಣ ಎಲ್ಲವೂ ಬಹಳ ದೂರದಲ್ಲಿದ್ದವು. ಅವಳು ತಲೆಯಾಡಿಸಿದಳು.

ಬಿರುಂಗಿ ಎರಡು ಕಾಗದ ಮುಂದಿಟ್ಟಳು. "ಇದು ರಜೆದು, ಇದು ಬಿಡೋದು. ಬಿಡೋದಾದ್ರೆ ಎರವಲು ಒಯ್ದಿದ್ದನ್ನೆಲ್ಲ ಕೊಟ್ಟು ಉಗ್ರಾಣದವರ ಸಹಿ ತರ್ಬೇಕು. ಅವರ ಹೆಸರಲ್ಲಿ ಒಂದು ಕೊಡತಿ ಇದೆ. ರಜೆ ಆದ್ರೆ ಅವರ ಹತ್ರಾನೇ ಇರ್ಲಿ. ಉಗ್ರಾಣದ ಎರಿಸಾಗೆ ತೋರಿಸಿ ಒಂದು ಮಾತು ಹೇಳಿದ್ರೆ ಸಾಕು."

ನಬುಕೀರ ರಜೆಯ ಕಾಗದ ತುಂಬಿದಳು. ಕಾರಣದ ಸಾಲನ್ನು ಖಾಲಿ ಬಿಟ್ಟಳು. ಮರಳುವ ತಿಂಗಳು ಎಂದಿದ್ದಲ್ಲಿ ದುಂಡಗೆ, ಮಕ್ಕಳ ಪರೀಕ್ಷೆಗೆ ಅಂಕ ಬರೆಯುವ ಅಕ್ಷರದಲ್ಲಿ, ಆಗಸ್ಟ್ ಎಂದು ಬರೆದಳು. ಎರಡೂ ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು.

ಉಗ್ರಾಣ ಬಡಿಯುವ ಚಪ್ಪರದ ಹಿಂದಿತ್ತು. ದಾರಿಯಲ್ಲಿ ಒಂದು ಮುತುಬಾ ಮರ. ಅದರ ತೊಗಟೆಯನ್ನು ಈಚೆಗಷ್ಟೇ ಸುಲಿದು, ಬರಿದಾದ ಮೈಗೆ ಬಾಳೆಲೆ ಸುತ್ತಿ ನಾರಿನಿಂದ ಕಟ್ಟಿದ್ದರು. ಎಲೆಯೊಳಗೆ ಅದು ನಿಧಾನವಾಗಿ ಹೊಸ ತೊಗಟೆ ಬೆಳೆಸಿಕೊಳ್ಳುತ್ತದೆ. ಕಟ್ಟು ಬಿಚ್ಚಿ ಇಣುಕಬಾರದು ಎಂದು ಕಯೊಂಗೊ ಹೇಳುತ್ತಿದ್ದ.

ಚಪ್ಪರದೊಳಗೆ ಹತ್ತಾರು ಜನ ಮರದ ದಿಮ್ಮಿಗಳ ಮುಂದೆ ಕೂತು ಬಡಿಯುತ್ತಿದ್ದರು. ಠಕ್ ಠಕ್, ಉಸಿರು. ಅವಳು ಆ ಸದ್ದಿನ ಬೆನ್ನು ಹಿಡಿದು ನೋಡಿದಳು. ತಲೆಗೆ ಹಳದಿ ವಸ್ತ್ರ ಕಟ್ಟಿದ ಒಬ್ಬ ಹುಡುಗಿ. ಕಯೊಂಗೊನ ಪಕ್ಕದಲ್ಲಿ ಕೂತು ಕೂತು ಅವನ ಬಡಿತವೇ ಅವಳ ಕೈಗೆ ಹತ್ತಿತ್ತು. ಅವಳ ಪಕ್ಕದ ದಿಮ್ಮಿಯ ಮೇಲೆ ಯಾರದೋ ನೀರಿನ ಬಾಟಲಿ ಇತ್ತು.

ಉಗ್ರಾಣದ ಬಾಗಿಲಲ್ಲಿ ಎರಿಸಾ ಸ್ಟೂಲಿನ ಮೇಲೆ ಕೂತಿದ್ದ. ಬಿಳಿಗೂದಲ ಮುದುಕ. ಶಾಲೆಯವರೆಲ್ಲ ಅವನನ್ನು ಅಜ್ಜನನ್ನು ಕರೆಯುವಂತೆ ಜಾಜಾ ಎಂದೇ ಕರೆಯುತ್ತಿದ್ದರು. ಗೋಡೆಯ ಗೂಟಗಳಲ್ಲಿ ಕೊಡತಿಗಳು ಸಾಲಾಗಿ ತೂಗುತ್ತಿದ್ದವು. ಒಂದು ಗೂಟ ಖಾಲಿ.

"ಕಯೊಂಗೊ ಅವರದ್ದು ಜಾಜಾ. ಆಗಸ್ಟ್‌ವರೆಗೆ ನಮ್ಮ ಹತ್ರಾನೇ ಇರುತ್ತೆ ಅಂತ ಹೇಳೋಕೆ ಬಂದೆ," ಎಂದು ನಬುಕೀರ ಚೀಲದಿಂದ ತೆಗೆದು ತೋರಿಸಿದಳು.

ಎರಿಸಾ ಕೈಗೆ ತೆಗೆದುಕೊಂಡ. ಮೂಗಿನ ಹತ್ತಿರ ತಂದ. ಹುಬ್ಬು ಮೇಲೇರಿತು.

"ಏನಿದು, ಕಡಲೆಬೀಜ! ಬಟ್ಟೆ ಬಡೀತಾನೋ, ಹೋಟ್ಲು ಇಟ್ಟಿದಾನೋ? ಎಣ್ಣೆ ಕುಡಿದ ಕೊಡತಿ ಬಟ್ಟೆ ಮೇಲೆಲ್ಲ ಕಲೆ ಮಾಡುತ್ತೆ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಎಲ್ಲಿ ಅವನು? ಕರೀರಿ, ಕಿವಿ ಹಿಂಡ್ತೀನಿ."

"ಅವರಲ್ಲ ಜಾಜಾ. ಪಕ್ಕದ ಮನೆಯೋರು. ಮನೇಲಿ ಜನ ತುಂಬಾ ಇದ್ರು. ಒನಕೆ ಮುರೀತು."

"ಓಹೋ, ಮದುವೆ! ನಮಗೆ ಹೇಳಿಕೆಯೇ ಇಲ್ಲ."

"ಮದುವೆಯಲ್ಲ."

"ಮತ್ತೆ?"

ಚಪ್ಪರದಲ್ಲಿ ಬಡಿತ ನಡೆದೇ ಇತ್ತು. ನಬುಕೀರ ಬಾಯಿ ತೆರೆದಳು. ಇಷ್ಟು ದಿನ ಆ ಮಾತನ್ನು ಬೇರೆಯವರೇ ಆಡಿದ್ದರು. ವೈದ್ಯ, ಮಾವ, ರೇಡಿಯೊ. ಅವಳು ಒಮ್ಮೆಯೂ ಆಡಿರಲಿಲ್ಲ.

"ಅವರ ಮಣ್ಣಿಗೆ ಬಂದ ಜನ ಜಾಜಾ. ಕಯೊಂಗೊ ತೀರ್ಕೊಂಡ್ರು."

ಎರಿಸಾ ಸ್ಟೂಲಿನಿಂದ ಎದ್ದ. ಏನು ಮಾಡುವುದೆಂದು ತಿಳಿಯದೆ ಕೊಡತಿಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದ, ಹಿಟ್ಟು ಹೋಗದಿದ್ದರೂ.

"ಕಿತಾಲೊ," ಎಂದ. "ಕಿತಾಲೊ ಮಗಳೇ."

ನೂರಾರು ಜನ ಅವಳ ಕೈ ಹಿಡಿದು ಆಡಿದ ಮಾತೇ ಅದು. ದುಃಖದ ಮನೆಯಲ್ಲಿ ಎಲ್ಲರೂ ಆಡುವುದು. ಅವಳ ಕಿವಿಯೊಳಗೆ ಅದು ಇಳಿದದ್ದು ಈಗ. ಕಣ್ಣೀರು ಗಲ್ಲ ದಾಟಿ ಕುತ್ತಿಗೆಗೆ ಬಂದ ಮೇಲೆಯೇ ಅವಳಿಗೆ ಗೊತ್ತಾಯಿತು.

ಎರಿಸಾ ಕೊಡತಿಯನ್ನು ಅವಳ ಕೈಗೇ ಇಟ್ಟ. "ಇಟ್ಕೊ. ಕಳೆದುಹೋಯ್ತು ಅಂತ ನಾನು ಹೇಳ್ತೀನಿ. ಯಾರೂ ಕೇಳಲ್ಲ."

ಅವಳು ಹಿಡಿಯ ನುಣುಪನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಮುಖ ಒರೆಸಿಕೊಂಡು ಚೀಲದಿಂದ ಎರಡನೆಯ ಕಾಗದ, ಶಾಲೆ ಬಿಡುವುದರದ್ದು, ತೆಗೆದಳು.

"ಬೇಡ ಜಾಜಾ. ಎರವಲು ತಂದಿದ್ದು. ಇದಕ್ಕೆ ನಿಮ್ಮ ಸಹಿ ಬೇಕು."

ವಿಶ್ವವಿದ್ಯಾಲಯಕ್ಕೆ ಹೋದಂದಿನಿಂದ ನಬುಕೀರ ಹಿರಿಯರ ಮುಂದೆ ಮಂಡಿಯೂರುವುದನ್ನು ಬಿಟ್ಟಿದ್ದಳು. ಅತ್ತೆ ಅದಕ್ಕಾಗಿ ಕೊಂಕು ನುಡಿಯುತ್ತಿದ್ದಳು, ಕಯೊಂಗೊ ನಗುತ್ತಿದ್ದ. ಈಗ ಅವಳು ಉಗ್ರಾಣದ ಹೊಸ್ತಿಲಲ್ಲಿ ಮಂಡಿಯೂರಿದಳು. ಎರಡೂ ಕೈಯಲ್ಲಿ ಕೊಡತಿ ಎತ್ತಿ ಹಿಡಿದಳು. ಮುದುಕ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ.