ಅಕ್ಕನ ಹೆಸರಿನ ಬಸ್ಸು

ಹೊಲಿಗೆ ಅಕ್ಕ ಯಾರಿಗೂ ಆಗಲ್ಲ ಎಂದವಳಲ್ಲ. ಸಂಜೆ ಬಟ್ಟೆ ತಂದುಕೊಟ್ಟು ಬೆಳಿಗ್ಗೆ ಅಂಗಿ ಬೇಕೆಂದವರಿಗೂ "ಆಗಲಿ" ಎಂದೇ ಹೇಳುವಳು, ಹೇಳಿದ ಮೇಲೆ ಕೊಟ್ಟೂ ಕೊಡುವಳು. ಬಾಯಿಂದ ಹೊರಟ ಮಾತು ದೇವರ ಕಿವಿಗೆ ಬಿದ್ದಾಯಿತು, ಇನ್ನು ಅದನ್ನು ನಿಜ ಮಾಡುವುದೊಂದೇ ತನಗೆ ಉಳಿದ ದಾರಿ ಎಂದು ಅವಳು ನಂಬಿದ್ದಳು.

ಇದನ್ನು ಚೆನ್ನಾಗಿ ಬಲ್ಲ ತಮ್ಮನೊಬ್ಬ ಅವಳಿಗಿದ್ದ. ಬಲ್ಲನಾದರೂ ಅರ್ಧದಷ್ಟೇ ಬಲ್ಲ.

ಈ ತಮ್ಮ ಒಂದು ಬಸ್ಸಿನ ಯಜಮಾನ. ದೂರದ ಊರಲ್ಲಿ ಕೆಲಸ ಕೊಡಿಸುತ್ತೇನೆಂದು ಐದು ಹುಡುಗಿಯರನ್ನು ಅದೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಮಾರಿಬಂದಿದ್ದ. ಸಿಕ್ಕಿಬಿದ್ದು ಆರು ವರ್ಷ ಜೈಲಿನಲ್ಲಿದ್ದ. ಹೊರಗೆ ಬರುವಷ್ಟರಲ್ಲಿ ಹೊಸ ನಿಯಮ ಬಂದಿತ್ತು. ಮಾನವ ಕಳ್ಳಸಾಗಣೆಯಲ್ಲಿ ಶಿಕ್ಷೆಯಾದವರಿಗೆ ಜನರನ್ನು ಸಾಗಿಸುವ ಪರವಾನಗಿ ಇಲ್ಲ, ಬದುಕಿರುವವರೆಗೂ ಇಲ್ಲ.

ಅವನು ನೇರ ಅಕ್ಕನ ಅಂಗಡಿಗೆ ಬಂದ.

"ಬರೀ ಹೆಸರು ಅಕ್ಕ. ನಿನ್ನ ಹೆಸರಲ್ಲಿ ಪರವಾನಗಿ, ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

"ಆಗಲಿ," ಎಂದಳು ಅಕ್ಕ. ಅಭ್ಯಾಸ.

ಅಂದು ಮಧ್ಯಾಹ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಹುಡುಗಿ ತಲೆಯೆತ್ತದೆಯೇ ಮಾತು ತೆಗೆದಳು. ಆ ಐವರಲ್ಲಿ ತಿರುಗಿ ಬಂದವಳು ಅವಳೊಬ್ಬಳೇ. ಬಂದ ಮೇಲೆ ಯಾವತ್ತೂ ಬಾಗಿಲಿಗೆ ಬೆನ್ನು ಮಾಡಿ ಕೂತವಳಲ್ಲ.

"ಆ ಬಸ್ಸು ಮತ್ತೆ ಓಡತ್ತಾ ಅಕ್ಕ?"

"ಓಡತ್ತೆ ಕಣಮ್ಮ."

"ಓಡಿಸೋರು ಯಾರು?"

ಅಕ್ಕ ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದಳು.

ಪರವಾನಗಿ ಕಚೇರಿಯಲ್ಲಿ ಬಾಯಿಮಾತಿನ ಪರೀಕ್ಷೆ ಇರುತ್ತದೆ. ಅರ್ಜಿ ಹಾಕಿದವರು ನಿಜವಾಗಿ ಬಸ್ಸು ನಡೆಸಬಲ್ಲವರೋ ಇಲ್ಲವೋ ಎಂದು ಅಧಿಕಾರಿ ಕೇಳಿ ತಿಳಿಯುತ್ತಾರೆ. ಅದಕ್ಕೆಂದೇ ತಮ್ಮ ದಿನಾ ಬೆಳಿಗ್ಗೆ ಬಂದು ಪಾಠಕ್ಕೆ ಕೂತ.

"ಡ್ರೈವರು ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು?"

"ಎಂಟು."

"ಆಮೇಲೆ?"

"ಮಲಗಬೇಕು."

"ಮಲಗಬೇಕು ಅನ್ನಬಾರದು ಅಕ್ಕ. ವಿಶ್ರಾಂತಿ ಅನ್ನು. ಅವರು ಅಧಿಕಾರಿಗಳು."

"ವಿಶ್ರಾಂತಿ ಅಂತ ಹೇಳಿ ಇಸ್ಪೀಟು ಆಡ್ತಾ ಕೂತ್ರೆ? ಮಲಗೋದೇ ಸರಿ."

ತಾನು ಮುಟ್ಟಿ ನೋಡದ್ದರ ಬಗ್ಗೆ ಮಾತಾಡುವುದು ಅಕ್ಕನಿಗೆ ಒಗ್ಗದು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಿದಂತಾಗುತ್ತದೆ. ಹಾಗಾಗಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಸ್ಸು ನಿಂತಿದ್ದ ಶೆಡ್ಡಿಗೆ ಹೋದಳು. ಬ್ರೇಕು, ಟೈರು, ತುರ್ತು ಬಾಗಿಲು ಎಲ್ಲವನ್ನೂ ತಡವಿ ನೋಡಿದಳು. ತುರ್ತು ಬಾಗಿಲಿಗೆ ಹೊರಗಿನಿಂದ ಬೋಲ್ಟು ಬಿಗಿದಿತ್ತು. ಅಲ್ಲೇ ನಿಂತು ಬಿಚ್ಚಿಸಿದಳು. ಆಮೇಲೆ ಚಾಪೆ ಹಾಸಿ ಬಸ್ಸಿನಡಿ ತೂರಿದಳು.

ಗೊಣಗಣ್ಣ ಎಂದೇ ಎಲ್ಲರೂ ಕರೆಯುವ ಹಳೇ ಡ್ರೈವರು ಬಗ್ಗಿ ನೋಡಿದ. "ಇಪ್ಪತ್ತು ವರ್ಷದಲ್ಲಿ ಈ ಬಸ್ಸಿನ ಹೊಟ್ಟೆ ನೋಡಿದ ಯಜಮಾನರು ನೀವೊಬ್ಬರೇ ಕಣಮ್ಮ. ಮುಂಚಿನವರು ಬರೀ ಹಾರನ್ ನೋಡ್ತಿದ್ರು."

ತಮ್ಮನಿಗೆ ಹೆಮ್ಮೆಯೋ ಹೆಮ್ಮೆ. ದಾಖಲೆಯೂ ಗಟ್ಟಿಯಿರಲಿ ಎಂದು ಬಸ್ಸನ್ನೇ ಅಕ್ಕನ ಹೆಸರಿಗೆ ಬರೆದುಕೊಟ್ಟುಬಿಟ್ಟ. ತನ್ನ ಬಾಯಿಂದಲೇ ಒಬ್ಬ ಯಜಮಾನಿಯನ್ನು ತಯಾರು ಮಾಡುತ್ತಿದ್ದೇನೆಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ. ಬುದ್ಧಿವಂತರಿಗೆ ದೇವರು ಹೀಗೊಂದು ಕಡೆ ಕತ್ತಲೆ ಇಟ್ಟಿರುತ್ತಾನೆ.

ಪರೀಕ್ಷೆಯ ದಿನ ಮೂವರೂ ಬಸ್ಸಿನಲ್ಲೇ ಕಚೇರಿಗೆ ಹೋದರು. ಗೊಣಗಣ್ಣ ಸ್ಟೇರಿಂಗ್ ಹಿಂದೆಯೇ ಉಳಿದ. ಕಚೇರಿಯ ಕಿಟಕಿಯ ಹೊರಗೆ ಚಹಾದ ಲೋಟ ಹಿಡಿದು ತಮ್ಮ ನಿಂತ. ಒಳಗೆ ನೆಗಡಿಯಾಗಿದ್ದ ಅಧಿಕಾರಿಣಿ ಮೂಗೊರೆಸಿಕೊಳ್ಳುತ್ತ ಕೇಳಿದಳು. ಅಕ್ಕ ಎಲ್ಲದಕ್ಕೂ ಉತ್ತರ ಕೊಟ್ಟಳು. ಮೂವತ್ತೆಂಟನೇ ಸೀಟಿನ ಸ್ಪ್ರಿಂಗು ಚುಚ್ಚುತ್ತದೆ ಎಂಬುದನ್ನೂ ಕೇಳದೆಯೇ ಹೇಳಿದಳು.

"ಇಷ್ಟು ತಿಳ್ಕೊಂಡು ಬಂದವರನ್ನ ನಾನು ನೋಡೇ ಇಲ್ಲ," ಎಂದಳು ಅಧಿಕಾರಿಣಿ. "ಇದೊಂದನ್ನ ಓದಿ ಸಹಿ ಹಾಕಿಬಿಡಿ, ಮುಗೀತು."

ಅಕ್ಕ ಕನ್ನಡಕ ಏರಿಸಿ ಜೋರಾಗಿ ಓದಿದಳು. "ಮಾನವ ಕಳ್ಳಸಾಗಣೆಯಲ್ಲಿ ಶಿಕ್ಷೆಗೊಳಗಾದ ಯಾವ ವ್ಯಕ್ತಿಯ ಕೈಯೂ ಈ ವಾಹನದ ವ್ಯವಹಾರದಲ್ಲಿ ಇರುವುದಿಲ್ಲವೆಂದು ಈ ಮೂಲಕ ಪ್ರಮಾಣ ಮಾಡುತ್ತೇನೆ."

ಪೆನ್ನು ಹಿಡಿದ ಕೈ ನಿಂತಿತು. ಕಿಟಕಿಯಾಚೆ ತಮ್ಮ ಗಾಳಿಯಲ್ಲೇ ಸಹಿ ಹಾಕಿ ತೋರಿಸುತ್ತಿದ್ದ.

"ಮೇಡಂ, ಈ ಮಾತು ಇವತ್ತೊಂದಿನ ನಿಜ ಇದ್ರೆ ಸಾಕಾ?"

"ಪರವಾನಗಿ ಇರೋವರೆಗೂ ನಿಜ ಇರಬೇಕಮ್ಮ."

"ಹಾಗಾದ್ರೆ ಒಂದೈದು ನಿಮಿಷ ಕೂತಿರಿ. ನಿಜ ಮಾಡ್ಕೊಂಡು ಬರ್ತೀನಿ."

ಅಕ್ಕ ಎದ್ದು ಹೊರಗೆ ಹೋಗಿ ತಮ್ಮನ ಮುಂದೆ ಅಂಗೈ ಚಾಚಿದಳು.

"ಶೆಡ್ಡಿನ ಬೀಗದ ಕೈ ಕೊಡೋ."

"ಯಾಕೆ?"

"ಬಸ್ಸಲ್ಲಿ ನಿನ್ನ ಕೈ ಇಲ್ಲ ಅಂತ ಪ್ರಮಾಣ ಮಾಡಬೇಕಂತೆ. ಅದಕ್ಕೇ ತೆಗೀತಿದ್ದೀನಿ."

"ಅಕ್ಕ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಅದು ಬರೀ ಕಾಗದ. ಬಸ್ಸು ನಂದು."

ಕಿಟಕಿಯಿಂದ ನೆಗಡಿಯ ಮೂಗು ಹೊರಬಂತು. "ಏನಂದ್ರಿ?"

ತಮ್ಮನ ಗಂಟಲಲ್ಲಿ ಚಹಾ ಸಿಕ್ಕಿಕೊಂಡಿತು. "ಏನಿಲ್ಲ ಮೇಡಂ. ಬಸ್ಸು ನಮ್ಮಕ್ಕಂದು ಅಂದೆ."

"ಕೇಳಿಸ್ತು," ಎಂದಿತು ಮೂಗು, ಆದರೆ ಒಳಗೆ ಹೋಗಲಿಲ್ಲ.

ತಮ್ಮ ದನಿ ತಗ್ಗಿಸಿದ. "ನನ್ನ ಸಾಕಿ ಬೆಳೆಸಿದವಳು ನೀನು. ಹೀಗೆ ಬೀದಿಗೆ ತಳ್ತೀಯಾ?"

ಅಕ್ಕನ ಕಣ್ಣು ತುಂಬಿತು, ಅಂಗೈ ಮಾತ್ರ ಹಿಂದೆ ಸರಿಯಲಿಲ್ಲ. "ಬೀದಿಗೆ ಯಾಕೆ? ಮನೇಲಿ ನಿನಗೆ ಊಟ ಇದೆ. ಅಂಗಡಿ ಕಡೆಗೆ ಬರಬೇಡ, ಬಸ್ಸಿನ ಕಡೆಗೂ ಬರಬೇಡ. ಓಡಿಸೋರು ಯಾರು ಅಂತ ಒಬ್ಬಳು ಕೇಳಿದ್ದಾಳೆ, ಅವಳಿಗೆ ನಾನು ಉತ್ತರ ಹೇಳಬೇಕು. ಕೊಡು."

ಕಿಟಕಿಯಲ್ಲಿ ಮೂಗು ಕಾಯುತ್ತಿತ್ತು. ಅವನು ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದುಕೊಟ್ಟ. ಅಕ್ಕ ಒಳಗೆ ಹೋಗಿ, ಹೊಲಿಗೆಯಷ್ಟೇ ನೇರವಾಗಿ ಸಹಿ ಹಾಕಿ ಬಂದಳು.

ಗೊಣಗಣ್ಣ ಬಸ್ಸು ಚಾಲೂ ಮಾಡಿ, ಅಪರೂಪಕ್ಕೆ ಗೊಣಗದೆ ಕಾದಿದ್ದ. ಅಕ್ಕ ಹತ್ತಿದಳು. ಬಸ್ಸು ಗೇಟಿನತ್ತ ತಿರುಗುತ್ತಿದ್ದಂತೆ ತಮ್ಮನಿಗೆ ಹಳೇ ಚಾಳಿ ತಡೆಯಲಾಗಲಿಲ್ಲ. ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಬಂದ.

"ಅಕ್ಕ, ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ, ನೋಡ್ಸು."

ಅಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ನೋಡಿಸ್ತೀನಿ. ನೀನು ಬಸ್ಸಿನ ವ್ಯವಹಾರಕ್ಕೆ ಕೈ ಹಾಕಬೇಡ."